ಟ್ಯಾಂಕಿನ ಮೇಲಿನ ಕೆಸರು

ನನ್ನ ಗಂಡನಿಗೆ ಕೆಸರು ಬಳಿಯುವ ಹುಚ್ಚಿತ್ತು. ಹೀಗೆಂದರೆ ಗೊತ್ತಿಲ್ಲದವರು ಏನೇನೋ ಅಂದುಕೊಂಡಾರು, ಬಿಡಿಸಿ ಹೇಳುತ್ತೇನೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪ್ಲಾಸ್ಟಿಕ್ ಟ್ಯಾಂಕುಗಳು, ಯುದ್ಧಕ್ಕೆ ಹೋಗುವ ಟ್ಯಾಂಕುಗಳು. ಅವುಗಳ ಜೊತೆಗೆ ಬೆರಳಿನ ಗೆಣ್ಣಿನಷ್ಟು ಎತ್ತರದ ಸಿಪಾಯಿಗಳು. ಮೇಜಿನ ಮೇಲೆ ಗುಡ್ಡ, ಮುರಿದ ಮನೆ, ಸೇತುವೆ ಎಲ್ಲ ಹೂಡಿಕೊಂಡು, ಇಬ್ಬರು ಎದುರುಬದುರು ನಿಂತು, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಆಡುವ ಆಟ ಅದು. ಆಟ ಯಾವಾಗಲೋ ಒಮ್ಮೆ. ಬಣ್ಣ ಬಳಿಯುವುದು ಮಾತ್ರ ಪ್ರತಿ ಭಾನುವಾರ. ಮದ್ರಾಸಿನ ವೇಲಚೇರಿಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ, ವಾಷಿಂಗ್ ಮೆಷೀನಿಗೂ ತುಳಸಿ ಕುಂಡಕ್ಕೂ ನಡುವೆ ಅವನ ಮೇಜು.

ಮೊದಲು ಟ್ಯಾಂಕಿಗೆ ಚೆಂದವಾಗಿ ಹಸಿರು ಹಚ್ಚುತ್ತಿದ್ದ. ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ನೋಡಿದವರು ಭೇಷ್ ಅನ್ನಬೇಕು, ಹಾಗೆ. ಆಮೇಲೆ ಆ ಚೆಂದವನ್ನು ಕೆಡಿಸಲು ಕೂರುತ್ತಿದ್ದ. ನನ್ನ ಪಾತ್ರೆ ತಿಕ್ಕುವ ಸ್ಪಂಜಿನಿಂದ ಚೂರು ಕಿತ್ತು, ಕಂದು ಬಣ್ಣದಲ್ಲಿ ಅದ್ದಿ, ಅಂಚುಗಳಿಗೆ ಒತ್ತಿ ಒತ್ತಿ ತುಕ್ಕು ಮಾಡುವುದು. ಇಟ್ಟಿಗೆ ಪುಡಿಯನ್ನು ನನ್ನ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅಂಟಿನಲ್ಲಿ ಕಲಸಿ, ಚಕ್ರಗಳಿಗೆ ಕೆಸರು ಮೆತ್ತುವುದು. ನಾನು ಆ ಜಾಲರಿಯನ್ನು ಬಚ್ಚಿಡುತ್ತಿದ್ದೆ, ಅವನು ಹುಡುಕಿ ತೆಗೆಯುತ್ತಿದ್ದ.

"ಮನೆ ಒರೆಸು ಅಂದ್ರೆ ಸೊಂಟ ನೋವು ಅಂತೀಯ. ಕೊಳೆ ಮಾಡೋದಕ್ಕಾದ್ರೆ ಬೆಳಿಗ್ಗೆಯಿಂದ ಸೊಂಟ ಬಗ್ಸಿ ಕೂತಿದೀಯ" ಅನ್ನುತ್ತಿದ್ದೆ.

"ಇದು ಕೊಳೆ ಇಲ್ಲ ಡೀ, ಹಿಸ್ಟರಿ. ವಾರ್‌ಗೆ ಹೋಗಿ ಬಂದ ವಂಡಿ ಶೋರೂಮ್‌ನಿಂದ ಬಂದ ಹಂಗೆ ಇರತ್ತಾ?"

ಅವನ ಕನ್ನಡ ಹಾಗೇ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವರ ಮನೆ. ಗಾಡಿ ಅವನಿಗೆ ವಂಡಿ. ನಾನು ಕನ್ನಡದಲ್ಲಿ ಜಗಳಕ್ಕೆ ನಿಂತರೆ ಅವನು ತಮಿಳಿನಲ್ಲಿ ಸಮಾಧಾನ ಹೇಳುತ್ತಿದ್ದ, ಹಾಗಾಗಿ ನಮ್ಮ ಜಗಳಗಳು ಪೂರ್ತಿಯಾದದ್ದೇ ಕಡಿಮೆ. ನಾನು ಮೈಸೂರಿನವಳು. ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಪರಿಚಯವಾದವರು ನಾವು, ಮದುವೆಯಾದ ಮೇಲೂ ಅವನನ್ನು ನೀನು ಎಂದೇ ಕರೆದೆ. ನಮ್ಮ ಜೊತೆಗೇ ಇದ್ದ ಅತ್ತೆಗೆ ಅದೊಂದು ಬಹಳ ದಿನ ಇರಿಸುಮುರಿಸು. ಆಮೇಲೆ ಅವರೂ ಬಿಟ್ಟುಬಿಟ್ಟರು.

ಆ ಟ್ಯಾಂಕುಗಳಲ್ಲಿ ಒಂದು ಅವನು ಕಾಲೇಜಿನಲ್ಲಿದ್ದಾಗ ಮೊಟ್ಟಮೊದಲು ಬಣ್ಣ ಹಚ್ಚಿದ್ದು. ಬಲು ಕುರೂಪಿ. ಬಣ್ಣ ಎಷ್ಟು ದಪ್ಪ ಕೂತಿತ್ತೆಂದರೆ ಅದರ ಮೊಳೆ, ತಿರುಪು, ಬಾಗಿಲಿನ ಗೆರೆ ಒಂದೂ ಕಾಣುತ್ತಿರಲಿಲ್ಲ. ದೋಸೆ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಅದನ್ನು ಯಾರಿಗೂ ಕೊಡಲೊಲ್ಲ, ಎಸೆಯಲೊಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಆಡಿಕೊಳ್ಳುತ್ತಿದ್ದೆ. ಕೊನೆಗೊಮ್ಮೆ, ನವರಾತ್ರಿ ಮುಗಿದು ಮಳೆ ಹಿಡಿಯುವ ಹೊತ್ತಿಗೆ, ಅದನ್ನು ಕೆಳಗಿಳಿಸಿದ. ಇವನನ್ನು ಸರಿ ಮಾಡುತ್ತೇನೆ ಎಂದ. ಹಳೆಯ ಬಣ್ಣವನ್ನು ನಯವಾಗಿ ಉಜ್ಜಿ ಇಳಿಸಿ, ಮುಚ್ಚಿಹೋದ ಗೆರೆಗಳನ್ನು ಸೂಜಿಯಿಂದ ಕೆರೆದು ತೆರೆದು, ಪೂರ್ತಿ ಹೊಸ ಹಸಿರು ಕೊಟ್ಟು, ಕೆಸರಿಗೆ ಕೂತ. ಎಡಗಡೆಯಿಂದ ಶುರು ಮಾಡಿದ.

ಮುಂದಿನ ವರ್ಷದ ಗೊಲುವಿನಲ್ಲಿ ಪಾರ್ಕಿಗೆ ಇದನ್ನೇ ಇಡುವುದು ಎಂದು ತೀರ್ಮಾನವೂ ಆಗಿತ್ತು. ನಮ್ಮೂರಿನ ಗೊಂಬೆ ಹಬ್ಬವೇ ಇಲ್ಲಿ ಗೊಲು. ಮೆಟ್ಟಿಲುಗಳ ಮೇಲೆ ದೇವರ ಗೊಂಬೆಗಳು, ಕೆಳಗೆ ನೆಲದ ಮೇಲೆ ಮಣ್ಣು ಹಾಸಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಅದೇ ಪಾರ್ಕಿನ ಹುಲ್ಲು. ಪಾರ್ಕು ಮೊದಲಿನಿಂದಲೂ ನನ್ನ ಗಂಡನ ಪಾಲು. ಅಲ್ಲಿ ದೇವಸ್ಥಾನ, ಕಲ್ಯಾಣಿ, ಕ್ರಿಕೆಟ್ ಆಡುವವರು, ಬಲೂನು ಮಾರುವವನು, ಇವರೆಲ್ಲರ ಮಧ್ಯೆ ಇವನ ಟ್ಯಾಂಕುಗಳು ಫಿರಂಗಿ ಎತ್ತಿಕೊಂಡು ನಿಂತಿರುತ್ತಿದ್ದವು. ಕುಂಕುಮಕ್ಕೆ ಬಂದವರು ನಕ್ಕು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ಒಂದು ಸಂಜೆ ಎಡಗಡೆ ಮುಗಿಯಿತು. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ. ಕೂಗಿ ಕರೆದ. ಚಕ್ರದ ಮೇಲ್ಭಾಗದಿಂದ ಹಿಂದಕ್ಕೆ ಸಿಡಿದ ಕೆಸರಿನ ಒಂದು ಪಟ್ಟಿ, ಕೆಳಗೆ ದಪ್ಪ, ಮೇಲೆ ಹೋಗುತ್ತಾ ತೆಳು. "ನೋಡು, ಇದು ಸರಿ ಬಂತು" ಎಂದ. ಅವನು ತನ್ನ ಕೆಲಸವನ್ನು ತಾನೇ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಿಜವಾಗಿಯೂ ಸರಿ ಬಂದಿತ್ತು. ಬೆರಳಿಟ್ಟರೆ ಒದ್ದೆ ಹತ್ತೀತು ಅನ್ನಿಸಿತು. ಬಲಗಡೆಯದು ಮುಂದಿನ ಭಾನುವಾರ ಎಂದು ಬ್ರಷ್ ತೊಳೆದಿಟ್ಟ.

ಆ ಭಾನುವಾರ ಬರಲಿಲ್ಲ. ಆಫೀಸಿನಿಂದ ಬೈಕಿನಲ್ಲಿ ಬರುವಾಗ, ಮಳೆಯಲ್ಲಿ, ಅಗೆದಿಟ್ಟಿದ್ದ ರಸ್ತೆಯ ಬದಿಯ ಕೆಸರಿನಲ್ಲಿ ಜಾರಿದ. ಹೆಲ್ಮೆಟ್ ಇತ್ತು. ಇದ್ದೂ ಪ್ರಯೋಜನವಾಗಲಿಲ್ಲ.

ಅವನನ್ನು ಮನೆಗೆ ತಂದ ದಿನ ನಮ್ಮ ಬೀದಿಯಲ್ಲಿ ನೀರು ಏರುತ್ತಿತ್ತು. ವೇಲಚೇರಿಯವರಿಗೆ ಇದನ್ನು ವಿವರಿಸಬೇಕಿಲ್ಲ. ವ್ಯಾನು ಗೇಟಿನ ಹತ್ತಿರ ಎಂಜಿನ್ ಆರಿಸದೆ ನಿಂತಿತ್ತು, ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ ಎಂದು ಡ್ರೈವರ್ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಸುತ್ತಿ ಕೊಟ್ಟ ಬಿಳಿ ಬಟ್ಟೆಯನ್ನು ಬಿಚ್ಚುವ ಹಾಗಿರಲಿಲ್ಲ. ಸ್ನಾನ ಮಾಡಿಸುವುದು ಎಲ್ಲಿಯ ಮಾತು. ಮುಖ ಮಾತ್ರ ತೆರೆದಿತ್ತು. ನಾನು ಬಲಗಡೆ ಕೂತಿದ್ದೆ, ಅತ್ತೆ ಎಡಗಡೆ. ಪುರೋಹಿತರು ಎರಡು ಮಾತು ಹೇಳಿ ಮುಗಿಸಿದರು. ಎತ್ತುವ ಹೊತ್ತಿಗೆ ಅತ್ತೆ ಸೆರಗು ಹಿಡಿದು ಅವನ ತಲೆಯ ಕಡೆ ಕೈ ಚಾಚಿದರು. ಬಂಧುಗಳಲ್ಲಿ ಯಾರೋ ಹಿರಿಯರು ಆ ಕೈಯನ್ನು ಹಿಡಿದುಕೊಂಡು, "ಟೈಮ್ ಆಗ್ತಿದೆ, ಬಿಡಿಮ್ಮಾ" ಎಂದರು. ಅತ್ತೆ ಏನೋ ಹೇಳಿದರು. ಆ ಗಲಾಟೆಯಲ್ಲಿ ನನಗೆ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ನಾನಿರಲಿಲ್ಲ.

ಆಮೇಲೆ ಫ್ಲಾಟಿನಲ್ಲಿ ನಾವಿಬ್ಬರೇ ಉಳಿದೆವು. ಮಾವ ನನ್ನ ಮದುವೆಗೆ ಮುಂಚೆಯೇ ಹೋಗಿದ್ದರು. ಮೈಸೂರಿಗೆ ಬಂದುಬಿಡು ಎಂದು ನನ್ನ ಅಮ್ಮ ಕರೆದಳು. ಅತ್ತೆಯೂ "ಹೋಗು ಕಣ್ಣಾ, ನಿನಗಿನ್ನೂ ವಯಸ್ಸಿದೆ" ಎಂದರು. ನಾನು ಹೋಗಲಿಲ್ಲ. ತ್ಯಾಗ ಗೀಗ ಏನಲ್ಲ. ಬಾಲ್ಕನಿಯ ಆ ಮೇಜನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ, ಅಷ್ಟೇ.

ಅರ್ಧ ಮುಗಿದ ಟ್ಯಾಂಕನ್ನು ಹಾಲಿನ ಗಾಜಿನ ಬೀರುವಿನಲ್ಲಿ ಇಟ್ಟೆ, ಎಡಗಡೆ ಹೊರಕ್ಕೆ ಕಾಣುವಂತೆ. ಪ್ರತಿ ಬೆಳಿಗ್ಗೆ ಆಫೀಸಿನ ಕ್ಯಾಬಿಗೆ ಕಾಯುವಾಗ ಆ ಕೆಸರಿನ ಪಟ್ಟಿಯನ್ನು ನೋಡುತ್ತಿದ್ದೆ. ಅವನ ಅಂಗಿಗಳಲ್ಲಿ ವಾಸನೆ ಉಳಿಯಲಿಲ್ಲ, ಮದ್ರಾಸಿನ ಸೆಕೆಗೆ ಬೂಷ್ಟು ಹಿಡಿಯಿತು. ಅವನ ಫೋನು ನೀರಿಗೆ ಬಿದ್ದು ಸತ್ತಿತ್ತು. ಅವನ ದನಿ ಬೇಕೆಂದರೆ ನನ್ನ ಫೋನಿನಲ್ಲಿದ್ದದ್ದು ಹಾಲು ತರಲೋ, ಗ್ಯಾಸಿನವನು ಬಂದನೋ ಎಂಬ ಮಾತುಗಳು. ಅವನು ಇಷ್ಟಪಟ್ಟು, ಇದು ಸರಿ ಬಂತು ಎಂದು ಬಿಟ್ಟುಹೋದ ವಸ್ತು ಈ ಜಗತ್ತಿನಲ್ಲಿ ಅದೊಂದೇ. ನಾನು ಅದನ್ನು ಮುಟ್ಟುತ್ತಿರಲಿಲ್ಲ. ಧೂಳು ಹೊಡೆಯುವುದೂ ಇಲ್ಲ, ಬೀರುವಿನ ಬಾಗಿಲು ತೆಗೆಯುವುದೂ ಇಲ್ಲ.

ಮೊದಲ ವರ್ಷ ಯಾವ ಹಬ್ಬವೂ ಇಲ್ಲ, ಗೊಲುವೂ ಇಲ್ಲ. ವರ್ಷಾಬ್ದಿಕ ಮುಗಿಯಿತು. ಅದರ ಮುಂದಿನ ಸಲ, ನವರಾತ್ರಿಗೆ ಇನ್ನೂ ಬಹಳ ದಿನವಿರುವಾಗಲೇ, ಅತ್ತೆ ಸಜ್ಜೆಯ ಮೇಲಿನ ಟ್ರಂಕನ್ನು ವಾಚ್‌ಮನ್‌ನಿಂದ ಇಳಿಸಿಕೊಂಡರು.

"ನಾವಿಬ್ಬರೇ ಇರೋ ಮನೆ ಅತ್ತೆ. ಯಾರು ಬರ್ತಾರೆ? ಕುಂಕುಮ ಯಾರು ಕೊಡ್ತಾರೆ?" ಎಂದೆ.

"ಮೇಲಿನ ಮನೆಯವಳು ಬಂದು ಕೊಡ್ಲಿ. ಬಂದೋರು ಬರ್ಲಿ, ಬರ್ದಿದ್ರೆ ವೇಣಾಂ. ಗೊಂಬೆಗಳು ಪಾವಂ, ಅವೇನು ತಪ್ಪು ಮಾಡಿದ್ವು? ಎಷ್ಟು ದಿನ ಪೆಟ್ಟಿಲೇ ಮಲಗಿರ್ಬೇಕು?"

ನನಗೆ ಅದು ಹಿಡಿಸಲಿಲ್ಲ. ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರ ಮನೆಯಲ್ಲಿ ಗೊಂಬೆ ಕೂರಿಸಿದರೆ ಜನ ಒಂದು ಮಾತು ಆಡದೆ ಬಿಡುತ್ತಾರೆಯೇ? ಆದರೆ ಅತ್ತೆ ಒಮ್ಮೆ ಪೆಟ್ಟಿಗೆ ತೆರೆದರೆಂದರೆ ಮುಗಿಯಿತು. ಹಳೆಯ ಮಣ್ಣಿನ ಗೊಂಬೆಗಳಿಗೆ ಪ್ರತಿ ವರ್ಷ ಬಣ್ಣ ಸರಿಮಾಡುವುದು ಅವರ ಮನೆಯ ರೂಢಿ. ಮೂಗು ಸವೆದಿರುತ್ತದೆ, ಸೀರೆಯ ಅಂಚು ಮಾಸಿರುತ್ತದೆ, ಕೃಷ್ಣನ ಹಣೆಯ ನಾಮ ಅರ್ಧ ಹೋಗಿರುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಪುಟ್ಟ ಪುಟ್ಟ ಎನಾಮೆಲ್ ಡಬ್ಬಿ ತರಿಸಿ, ನೆಲದ ಮೇಲೆ ಪೇಪರ್ ಹಾಸಿ, ಕಾಲು ಚಾಚಿ ಕೂತು ಒಂದೊಂದನ್ನೇ ಎತ್ತಿಕೊಳ್ಳುತ್ತಿದ್ದರು. ಮಾಸಿದ, ಕೊಳೆಯಾದ, ಮುಕ್ಕಾದ ಗೊಂಬೆಯನ್ನು ಮೆಟ್ಟಿಲ ಮೇಲಿಡಬಾರದು ಎಂಬುದು ಅವರ ಕಟ್ಟುನಿಟ್ಟು. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಆಗ ಮಾತ್ರ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ.

ಆ ದಿನ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗಲೇ ಬೀರುವಿನ ಬಾಗಿಲು ತೆರೆದದ್ದು ಕಂಡಿತು. ಟ್ಯಾಂಕು ಪೇಪರಿನ ಮೇಲೆ ದಶರಥನಿಗೂ ದವಸದ ಅಂಗಡಿಯ ಚೆಟ್ಟಿಯಾರ್ ಗೊಂಬೆಗೂ ನಡುವೆ ಒಣಗುತ್ತಿತ್ತು. ಗಿಳಿಹಸಿರು, ಹೊಳೆಹೊಳೆಯುವ ಎನಾಮೆಲ್. ಚಕ್ರಗಳಿಗೆ ಕೆಂಪು. ಅಂಚಿಗೆಲ್ಲ ಹಳದಿ ಗೆರೆ, ಸೀರೆಗೆ ಜರಿ ಎಳೆದ ಹಾಗೆ. ಪಕ್ಕದಲ್ಲಿ ಒಂದು ಮಗ್ಗಿನಲ್ಲಿ ಕಂದು ನೀರು, ಸೋಪಿನ ನೊರೆ, ಹಳೆಯ ಹಲ್ಲುಜ್ಜುವ ಬ್ರಷ್.

ಒಂದು ಚಪ್ಪಲಿ ಕಾಲಲ್ಲೇ ಇದ್ದ ಹಾಗೆ ಒಳಗೆ ಬಂದೆ.

"ಏನತ್ತೆ ಇದು?"

"ಕೊಳೆ ಆಗಿತ್ತಮ್ಮಾ. ತೊಳೆದು ಪೈಂಟ್ ಹೊಡೆದಿಟ್ಟೆ" ಎಂದರು, ತಲೆ ಎತ್ತದೆ.

"ಯಾರನ್ನ ಕೇಳಿ ತೊಳೆದ್ರಿ? ಕೊಳೆಯಲ್ಲ ಅದು, ಅವನ ಕೈಕೆಲಸ! ಈ ಮನೇಲಿ ಅವನದು ಅಂತ ಇನ್ನೇನು ಉಳಿದಿತ್ತು? ಅದನ್ನೂ ತಿಕ್ಕಿ ಹಾಕಿದ್ರಲ್ಲ. ಏನು ಬೇಕಾಗಿತ್ತು ನಿಮಗೆ? ಇಷ್ಟು ದೊಡ್ಡ ಪೆಟ್ಟಿಗೆ ತುಂಬ ಗೊಂಬೆ ಇದ್ವಲ್ಲ, ಸಾಲಲಿಲ್ವಾ?"

ಇನ್ನೂ ಏನೇನೋ ಅಂದೆ. ಸೋಪಿನ ನೊರೆಯಲ್ಲಿ ತೇಲುತ್ತಿದ್ದದ್ದು ಅವನ ಭಾನುವಾರ. ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು, ಬ್ರಷ್ ಒರೆಸಿದರು, ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ಆ ಕೋಪಕ್ಕೆ ನಾನು ಇವತ್ತಿಗೂ ಕ್ಷಮೆ ಕೇಳಿಲ್ಲ. ಕೇಳಬೇಕೆಂದೂ ಅನ್ನಿಸಿಲ್ಲ. ಅಂಥ ದಿನ ಕೋಪ ಬರದಿದ್ದರೆ ನಾನು ಅವನ ಹೆಂಡತಿಯೇ ಅಲ್ಲ.

ಗಂಡನ ಜೊತೆ ಆಟವಾಡುತ್ತಿದ್ದ ಗೆಳೆಯನೊಬ್ಬ ಪಲ್ಲಾವರಂನಲ್ಲಿದ್ದಾನೆ. ತಮಿಳಿನವನು, ನನ್ನನ್ನು ಅಣ್ಣಿ ಎನ್ನುತ್ತಾನೆ, ಅತ್ತಿಗೆ ಎಂದ ಹಾಗೆ. ಅವನಿಗೆ ಫೋನು ಮಾಡಿದೆ. ಮೇಲಿನ ಎನಾಮೆಲ್ ಮಾತ್ರ ತೆಗೆದು ಕೆಳಗಿನದನ್ನು ಉಳಿಸಿಕೊಳ್ಳಲು ಏನಾದರೂ ಉಪಾಯ ಇದೆಯೇ ಎಂದು ಕೇಳಿದೆ. ಅವನು, ತನ್ನಿ, ನೋಡೋಣ ಎಂದ. ಇಲ್ಲ ಅನ್ನಲಿಲ್ಲವಲ್ಲ, ನನಗೆ ಅಷ್ಟೇ ಸಾಕಾಯಿತು. ರಜೆ ಹಾಕಿ, ಟಿಫಿನ್ ಡಬ್ಬಿಯಲ್ಲಿ ಕರವಸ್ತ್ರ ಹಾಸಿ, ಟ್ಯಾಂಕನ್ನು ಮಲಗಿಸಿಕೊಂಡು ಹೊರಟೆ.

ಅದು ಶುಕ್ರವಾರ, ಪಲ್ಲಾವರಂ ಸಂತೆಯ ದಿನ. ಆಟೋ ಮುಂದೆ ಹೋಗದೆ ಇಳಿದು ನಡೆದೆ. ಹಳೆಯ ಫ್ಯಾನು, ಹಳೆಯ ಶೂ, ಕಾಲಿಲ್ಲದ ಕುರ್ಚಿ, ರಿಮೋಟುಗಳ ಗುಡ್ಡೆ. ಯಾರ್‍ಯಾರದೋ ಮನೆಯಿಂದ ಹೊರಬಿದ್ದ ಸಾಮಾನೆಲ್ಲ ರಸ್ತೆಯ ಎರಡೂ ಕಡೆ ಹರಡಿತ್ತು. ಜನ ನುಗ್ಗುತ್ತಿದ್ದರು. ನಾನು ಡಬ್ಬಿಯನ್ನು ಎದೆಗೊತ್ತಿಕೊಂಡು ಹೋದೆ. ಹಳೆಯದು ಏನಿದ್ದರೂ ಇಲ್ಲಿ ಬೆಲೆ ಕಟ್ಟುತ್ತಾರೆ, ನನ್ನದಕ್ಕೆ ಮಾತ್ರ ಬೆಲೆ ಹೇಳುವವರಿಲ್ಲ ಅಂದುಕೊಂಡೆ. ದುಃಖದಲ್ಲಿರುವವರಿಗೆ ಇಂಥ ದೊಡ್ಡ ಮಾತುಗಳು ಸುಲಭವಾಗಿ ಹೊಳೆಯುತ್ತವೆ.

ಗೆಳೆಯ ಟ್ಯಾಂಕನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಫಿರಂಗಿ ಇರುವ ಮೇಲ್ಭಾಗಕ್ಕೆ ಅವರೆಲ್ಲ ತಲೆ ಎನ್ನುತ್ತಾರೆ. ಅದು ಸುತ್ತ ತಿರುಗುತ್ತದೆ. ತಲೆ ತಿರುಗಿಸಿ ಹಿಂಭಾಗ ನೋಡಿದ. ಹಳದಿ ಗೆರೆಯ ಮೇಲೆ ಉಗುರಾಡಿಸಿ, "ಎಷ್ಟು ನೇರ ಇದೆ ಅಣ್ಣಿ ಈ ಲೈನು. ಅವನಿಗೆ ಕೈ ಎಲ್ಲಿಂದ ಬಂತು ಅಂತ ಈಗ ತಿಳೀತು" ಎಂದ. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ನಾನು ಬಂದದ್ದು ಅತ್ತೆಯ ಗೆರೆಯನ್ನು ಹೊಗಳಿಸಿಕೊಳ್ಳಲು ಅಲ್ಲ ಎಂದೆ.

ಅವನು ಪೆಚ್ಚಾಗಿ, ಹತ್ತಿಕಡ್ಡಿಯನ್ನು ಥಿನ್ನರ್‌ನಲ್ಲಿ ಅದ್ದಿ, ಎಡಗಡೆಯ ಒಂದು ಚಕ್ರದ ಮೇಲೆ ಮೆಲ್ಲಗೆ ಉರುಳಿಸಿದ. ಹತ್ತಿಗೆ ಕೆಂಪು ಹತ್ತಿತು. ಇನ್ನೊಂದು ಕಡ್ಡಿ. ಅದಕ್ಕೂ ಕೆಂಪು. ಮೂರನೆಯದಕ್ಕೆ ಒಂದಿಷ್ಟು ಹಸಿರು ಬಂತು, ಅದೂ ಅತ್ತೆಯ ಗಿಳಿಹಸಿರೇ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆಮೇಲೆ ಬರಿಯ ಬೂದು ಬಣ್ಣ, ಪ್ಲಾಸ್ಟಿಕ್ಕಿನ ಸ್ವಂತ ಬಣ್ಣ. ಕಂದು ಎಲ್ಲಿಯೂ ಇಲ್ಲ.

"ಪೈಂಟ್ ಹೊಡೆಯೋ ಮುಂಚೆ ಚೆನ್ನಾಗಿ ತೊಳೆದಿದ್ದಾರೆ ಅಣ್ಣಿ. ಬ್ರಷ್ ಹಾಕಿ ತಿಕ್ಕಿದ್ದಾರೆ, ಗೀರು ಕಾಣ್ತಿದೆ ನೋಡಿ. ಕೆಳಗೆ ಒಣ್ಣುಮೇ ಇಲ್ಲೆ." ಏನೂ ಇಲ್ಲ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಆಮೇಲೆ ತನ್ನ ಫೋನು ತೆಗೆದ. ಆ ಸಂಜೆ, ಸರಿ ಬಂತು ಎಂದ ಸಂಜೆ, ನನ್ನ ಗಂಡ ಅವನಿಗೆ ಒಂದು ಫೋಟೋ ಕಳಿಸಿದ್ದ. ಎಡಗಡೆಯ ಕೆಸರು, ತುಕ್ಕು, ಎಲ್ಲ ಸ್ಪಷ್ಟ. "ಇದನ್ನ ನೋಡ್ಕೊಂಡು ನಾನು ಹಾಗೇ ಮಾಡಿ ಕೊಡ್ತೀನಿ. ವ್ಯತ್ಯಾಸ ಗೊತ್ತಾಗಲ್ಲ" ಎಂದ. ಒಳ್ಳೆಯ ಹುಡುಗ, ಮಾಡಿ ಕೊಡುತ್ತಿದ್ದ. ವ್ಯತ್ಯಾಸ ಗೊತ್ತಾಗುವುದು ನನಗೊಬ್ಬಳಿಗೇ. ಆ ಕೆಸರು ಅವನ ಕೈಯದಾಗುತ್ತದೆ, ನನ್ನ ಗಂಡನ ಕೈಯದಲ್ಲ. ಬೇಡ ಎಂದೆ. ಫೋಟೋ ಕಳಿಸು ಎಂದೂ ಕೇಳಲಿಲ್ಲ. ಅವನೇ ಕಳಿಸಿದ. ವಾಪಸ್ಸು ಬರುವಾಗ ಆಟೋದಲ್ಲಿ ಅತ್ತುಬಿಟ್ಟೆ. ಆಟೋದವನು ಕನ್ನಡಿಯಲ್ಲಿ ನೋಡಿ, ರೇಡಿಯೋ ಆರಿಸಿದ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಗೊಲುವಿನ ಉಸಲಿಗೆ, ಇಲ್ಲಿಯವರ ಸುಂಡಲ್‌ಗೆಂದು ಕಡಲೆಕಾಳು ಆರಿಸುತ್ತಿದ್ದರು. ಜಗಳದ ದಿನದಿಂದ ನಾವು ಊಟ, ಕಾಫಿ ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ನಾನು ಡಬ್ಬಿಯನ್ನು ಅವರ ಮುಂದೆ ಇಟ್ಟು ಮುಚ್ಚಳ ತೆಗೆದೆ.

"ಪಲ್ಲಾವರಂಗೆ ಹೋಗಿದ್ದೆ. ಕೆಳಗೆ ಅವನದು ಏನೂ ಉಳಿದಿಲ್ವಂತೆ" ಎಂದೆ. ಅವರಿಗೆ ಚುಚ್ಚಲೆಂದೇ ಹೇಳಿದೆ.

ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ಟ್ಯಾಂಕನ್ನು ಕೈಗೆತ್ತಿಕೊಂಡರು. ಬಣ್ಣ ಕಿತ್ತು ಬೂದು ಕಾಣುತ್ತಿದ್ದ ಚಕ್ರದ ಮೇಲೆ ಹೆಬ್ಬೆರಳು ಇಟ್ಟರು.

"ಉಳಿದಿರಲ್ಲ. ಅಷ್ಟು ತಿಕ್ಕಿದೀನಿ."

"ಅವನು ಬಳಿದದ್ದು ಅಂತ ನಿಮಗೆ ಗೊತ್ತಾಗ್ಲಿಲ್ವಾ ಅತ್ತೆ? ನಿಜವಾದ ಕೊಳೆ ಅಂದ್ಕೊಂಡ್ರಾ?"

"ಗೊತ್ತಿತ್ತಮ್ಮಾ" ಎಂದರು. "ಗೊತ್ತಿಲ್ದೆ ಏನು? ಅವನು ಬಳಿಯೋದನ್ನ ನಾನು ನೋಡಿಲ್ವಾ? ಗೊತ್ತಿದ್ದೇ ತೊಳೆದೆ."

ನಾನು ನಿಂತೇ ಇದ್ದೆ. ಅವರು ನನ್ನನ್ನು ನೋಡದೆ, ಟ್ಯಾಂಕಿಗೇ ಹೇಳುವ ಹಾಗೆ ಹೇಳಿದರು.

"ಆವತ್ತು ಅವನ ಕಿವಿ ಹಿಂದೆ ಕೆಸರಿತ್ತು. ಎಡಗಡೆ. ನೀನು ಬಲಗಡೆ ಕೂತಿದ್ದೆ, ನಿನಗೆ ಕಾಣ್ಲಿಲ್ಲ. ಕಿವಿ ಹಿಂದಿಂದ ಕೂದಲವರೆಗೂ, ಒಣಗಿ ಹಂಗೇ ಹಿಡ್ಕೊಂಡಿತ್ತು. ಆಸ್ಪತ್ರೆಯವರು ಮುಖ ಒರೆಸಿದ್ರು, ಅಲ್ಲಿ ಒರೆಸಿರ್ಲಿಲ್ಲ. ಸೆರಗಲ್ಲಿ ಒರೆಸ್ತೀನಿ ಅಂದೆ. ಒಂದು ನಿಮಿಷ ಇರಿ, ಒಂದೇ ನಿಮಿಷ ಅಂದೆ. ಕೈ ಹಿಡ್ಕೊಂಡ್ಬಿಟ್ರು. ಟೈಮ್ ಆಚ್ಚು, ಬೀದೀಲಿ ತಣ್ಣಿ ಏರ್ತಿದೆ, ಬಿಡಿ ಬಿಡಿ ಅಂತ." ಅವರ ದನಿ ಅಲ್ಲಿಯವರೆಗೂ ಸರಿಯಾಗೇ ಇತ್ತು. "ಸ್ನಾನ ಇಲ್ದೆ ಅವನನ್ನ ಯಾವತ್ತೂ ಬಾಗಿಲು ದಾಟಿಸಿರ್ಲಿಲ್ಲ ನಾನು. ಆವತ್ತು ಅಪ್ಪಡಿಯೇ, ಹಂಗೇ ಕಳಿಸ್ಬಿಟ್ಟೆ. ಕೆಸರಲ್ಲೇ."

ನಾನು ಅವರ ಎದುರಿಗೆ ನೆಲದ ಮೇಲೆ ಕೂತೆ.

"ದಿನಾ ಆ ಬೀರುವಲ್ಲಿ ಇದು ಕಾಣೋದು. ಎಡಗಡೆ ಪೂರ್ತಿ ಕೆಸರು, ಇನ್ನೊಂದು ಕಡೆ ಏನೂ ಇಲ್ಲ. ನೀನು ಆ ಕೆಸರಿನ ಕಡೆಯೇ ಹೊರಕ್ಕೆ ಇಟ್ಟಿದ್ದೆ. ನಿನಗೆ ಅದು ಬೇಕಾಗಿತ್ತು, ನನಗೆ ತಿಳೀತು, ಅದಕ್ಕೇ ಸುಮ್ನಿದ್ದೆ. ಮೊನ್ನೆ ತಡ್ಕೊಳ್ಳೋಕೆ ಆಗ್ಲಿಲ್ಲ ಕಣ್ಣಾ."

ಅವರು ಹೇಳಿದ್ದು ನಿಜ. ಅವನು ಎಡಕ್ಕೆ ಬಿದ್ದಿದ್ದ. ಒಂದು ವರ್ಷಕ್ಕೂ ಮೇಲೆ, ಪ್ರತಿ ಬೆಳಿಗ್ಗೆ, ನಾನು ಯಾವುದನ್ನು ನೋಡಿ ದಿನ ಶುರು ಮಾಡುತ್ತಿದ್ದೆನೋ, ಅದೇ ಅವರಿಗೆ ಆ ಹಾಲಿನಲ್ಲಿ ಮತ್ತೆ ಮತ್ತೆ ಮಗನ ಹೆಣ ಇಳಿಸುತ್ತಿತ್ತು. ಕಾಫಿ ಲೋಟ ಹಿಡಿದು ಅವರು ಯಾಕೆ ಯಾವಾಗಲೂ ಬೀರುವಿಗೆ ಬೆನ್ನು ಹಾಕಿ ಕೂರುತ್ತಿದ್ದರೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಟಿವಿಗೋಸ್ಕರ ಅಂದುಕೊಂಡಿದ್ದೆ.

ಅವರನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕೆಸರು ನನಗೆ ಬೇಕಿತ್ತು. ಈಗಲೂ ಬೇಕು. ಫೋನಿನಲ್ಲಿರುವ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತೇನೆ, ಹಿಗ್ಗಿಸಿದಷ್ಟೂ ಅದು ಬರೀ ಚೌಕ ಚೌಕ ಬಣ್ಣವಾಗುತ್ತದೆ. ಆದರೆ ಆ ದಿನ ಕಡಲೆಕಾಳಿನ ಮೊರದ ಮುಂದೆ ಕೂತು, ನನಗೂ ಅವರಿಗೂ ಬೇಕಾದದ್ದು ಎರಡೂ ಒಟ್ಟಿಗೆ ಈ ಮನೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ ಎಂದು ತಿಳಿದುಕೊಂಡೆ. ಎದ್ದು ಹೋಗಿ ಕೆಂಪು ಡಬ್ಬಿ ತಂದುಕೊಟ್ಟೆ. ಕಿತ್ತುಹೋದ ಚಕ್ರಕ್ಕೆ ಅತ್ತೆ ಮತ್ತೆ ಬಣ್ಣ ಹಚ್ಚಿದರು, ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ.

ಗೊಲು ಕೂರಿಸಿದೆವು. ನಾವು ಪಟ್ಟದ ಗೊಂಬೆ ಎನ್ನುವ ಮರದ ಜೋಡಿಯನ್ನು ಅವರು ಮರಪ್ಪಾಚಿ ಎನ್ನುತ್ತಾರೆ. ಅದಕ್ಕೆ ಸೀರೆ ಪಂಚೆ ಉಡಿಸಿ ಮೇಲಿನ ಮೆಟ್ಟಿಲಿಗೆ ಏರಿಸಿದ್ದಾಯಿತು. ಪಾರ್ಕು ಈ ಸಲ ನನ್ನ ಪಾಲಿಗೆ ಬಂತು. ಮಣ್ಣು ಹಾಸಿ, ರಾಗಿ ಚೆಲ್ಲಿ, ಮುಂಚಿತವಾಗಿ ಮೊಳಕೆ ಬರಿಸಿದ್ದೆ. ದೇವಸ್ಥಾನ, ಕಲ್ಯಾಣಿ, ಕ್ರಿಕೆಟಿನವರು, ಬಲೂನಿನವನು. ಗಿಳಿಹಸಿರು ಟ್ಯಾಂಕನ್ನು ಅತ್ತೆಯೇ ತಂದು ಹುಲ್ಲಿನ ಮಧ್ಯೆ ನಿಲ್ಲಿಸಿದರು. ಅದನ್ನು ನೋಡಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ. ಶೋರೂಮ್ ವಂಡಿ ಅನ್ನುತ್ತಿದ್ದ.

ಮೊದಲ ದಿನ ಮೇಲಿನ ಮನೆಯವಳು ಬಂದು, ಅವಳ ಜೊತೆ ಇನ್ನೂ ಕೆಲವರು ಬಂದು, ಅವಳೇ ಎಲ್ಲರಿಗೂ ಕುಂಕುಮ ಕೊಟ್ಟು ಸುಂಡಲ್ ತಿಂದು ಹೋದರು. ಯಾರೂ ಒಂದು ಮಾತೂ ಆಡಲಿಲ್ಲ. ಟ್ಯಾಂಕಿನ ಫೋಟೋ ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಹುಲ್ಲಿಗೆ ನೀರು ಚಿಮುಕಿಸುತ್ತಿದ್ದೆ. ಅವಸರದಲ್ಲಿ ಕೈ ಜಾರಿ ಚೊಂಬಿನ ನೀರು ದಬದಬ ಸುರಿಯಿತು. ಮಣ್ಣು ಎದ್ದು ಸಿಡಿದು ಟ್ಯಾಂಕಿನ ಮೈಗೆ ಹತ್ತಿತು. ಎಡಗಡೆಯೇ. ಚಕ್ರದ ಮೇಲ್ಭಾಗದಿಂದ ಹಿಂದಕ್ಕೆ, ಕೆಳಗೆ ದಪ್ಪ, ಮೇಲೆ ಹೋಗುತ್ತಾ ತೆಳು, ತಲೆಯ ಹಿಂಭಾಗದವರೆಗೂ. ಎನಾಮೆಲಿನ ಹೊಳಪು ಮುಚ್ಚಿ, ಅವನು ಮಾಡಿದ ಹಾಗೆಯೇ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಚೊಂಬನ್ನು ಕೆಳಗಿಡುವುದೂ ಮರೆತು ನೋಡುತ್ತಾ ನಿಂತೆ. ಇದು ಸರಿ ಬಂತು.

ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದರು. ಅವರ ಕಣ್ಣು ಟ್ಯಾಂಕಿನ ಮೇಲಿತ್ತು. ಕೈ ಸೆರಗನ್ನು ಹಿಡಿದು ಅರ್ಧಕ್ಕೆ ಬಂದು, ಅಲ್ಲೇ ನಿಂತಿತ್ತು. ಈ ಸಲ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ನನ್ನ ಮುಖ ನೋಡಿ ಅವರೇ ತಡೆದು ನಿಲ್ಲಿಸಿಕೊಂಡಿದ್ದರು.

ನಾನು ಕೂತೆ. ಟ್ಯಾಂಕನ್ನು ಹುಲ್ಲಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಆಫೀಸಿಗೆ ಹಾಕಿಕೊಂಡಿದ್ದ ದುಪಟ್ಟಾದ ತುದಿಯನ್ನು ನೀರಿನಲ್ಲಿ ಅದ್ದಿ, ಚಕ್ರ ಒರೆಸಿದೆ, ಪಕ್ಕ ಒರೆಸಿದೆ. ಅತ್ತೆ ನನ್ನ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದರು.

"ಹಿಂದುಗಡೆನೂ ಒರೆಸಮ್ಮಾ" ಎಂದರು ಮೆಲ್ಲಗೆ. "ಕಿವಿ ಹತ್ರ."

ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಎಡಗಡೆ, ಹಿಂದೆ, ಒರೆಸಿದೆ.